ಚರ್ಚ್ ಶಾಲೆಯ ಗುಣಮಟ್ಟ: ಮೊದಲು ಮಕ್ಕಳ ಓದು ಕೇಳಿ, ಆಮೇಲೆ ಕಟ್ಟಡದ ಮಾತು

ಪ್ರಶ್ನೆ: ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿ. ಚರ್ಚಿಗೆ ಸೇರಿದ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ ಇದೆ. ಒಂದರಿಂದ ಏಳರವರೆಗೆ, ಕನ್ನಡ ಮಾಧ್ಯಮ. ಶಾಲೆಗೆ ನೂರು ವರ್ಷ ದಾಟಿದೆ. ಒಂದು ಕಾಲದಲ್ಲಿ ಮುನ್ನೂರು ಮಕ್ಕಳಿದ್ದರಂತೆ, ಈಗ 58. ಸರಕಾರಿ ಸಂಬಳದವರು ಇಬ್ಬರೇ ಟೀಚರು. ಅದರಲ್ಲಿ ಹೆಡ್ ಟೀಚರ್ ಬರುವ ವರ್ಷ ನಿವೃತ್ತಿ ಆಗುತ್ತಾರೆ. ಇನ್ನು ಮೂವರು ಗೌರವ ಶಿಕ್ಷಕಿಯರಿಗೆ ಚರ್ಚೇ ಸಂಬಳ ಕೊಡುತ್ತದೆ. ಶಾಲೆಯ ಗುಣಮಟ್ಟ ಬಿದ್ದಿದೆ ಎಂದು ಊರವರು ಹೇಳುತ್ತಾರೆ. ಚರ್ಚಿನ ಆಡಳಿತ ನೋಡುವ ಪಾಲನಾ ಮಂಡಳಿಯಲ್ಲಿ ಮೂರು ಅಭಿಪ್ರಾಯ ಇದೆ: ಹೊಸ ಕಟ್ಟಡ ಕಟ್ಟೋಣ, ಇಂಗ್ಲಿಷ್ ಮೀಡಿಯಂ ಮಾಡೋಣ, ಇಲ್ಲವಾದರೆ ಮುಚ್ಚಿಬಿಡೋಣ. ಹೊಸ ಫಾದರ್ ಬಂದಿದ್ದಾರೆ, ಏನಾದರೂ ಮಾಡುವ ಉತ್ಸಾಹ ಅವರಿಗಿದೆ. ಎಲ್ಲಿಂದ ಶುರು ಮಾಡಬೇಕು? — ಶಾಲಾ ಸಮಿತಿಯ ಸದಸ್ಯ

ಉತ್ತರ: ನಿಮ್ಮ ಪತ್ರದಲ್ಲಿ ಮಕ್ಕಳ ಸಂಖ್ಯೆ ಇದೆ, ಟೀಚರ ಸಂಖ್ಯೆ ಇದೆ, ಕಟ್ಟಡದ ವಯಸ್ಸೂ ಇದೆ. ಮಕ್ಕಳಿಗೆ ಏನು ಓದಲು ಬರುತ್ತದೆ ಎಂಬ ಮಾತು ಮಾತ್ರ ಇಲ್ಲ. ಇದು ನಿಮ್ಮೊಬ್ಬರ ತಪ್ಪಲ್ಲ. ಶಾಲೆಯ ಗುಣಮಟ್ಟದ ಬಗ್ಗೆ ನನಗೆ ಬರುವ ಪತ್ರಗಳೆಲ್ಲ ಹೀಗೇ ಇರುತ್ತವೆ. ಊರವರು ಗುಣಮಟ್ಟ ಬಿದ್ದಿದೆ ಎನ್ನುವಾಗ ಸಾಮಾನ್ಯವಾಗಿ ಅವರು ನೋಡಿರುವುದು ಕಾಂಪೌಂಡು, ಯೂನಿಫಾರ್ಮು ಮತ್ತು ಪಕ್ಕದ ಊರಿನ ಶಾಲೆಯ ಹಳದಿ ಬಸ್ಸು. ಅವರು ಹೇಳಿದ್ದು ನಿಜವೂ ಇರಬಹುದು, ಸುಳ್ಳೂ ಇರಬಹುದು. ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೊದಲು ಅದನ್ನು ತಿಳಿದುಕೊಳ್ಳೋಣ.

ಐವತ್ತೆಂಟು ಮಕ್ಕಳು. ಒಬ್ಬೊಬ್ಬರಿಗೆ ಐದು ನಿಮಿಷ ಎಂದರೂ ಐದು ಗಂಟೆ ಆಗುವುದಿಲ್ಲ. ಎರಡು ಬೆಳಗ್ಗೆ ಸಾಕು. ನೀವು, ಒಬ್ಬ ಟೀಚರ್, ಸಾಧ್ಯವಾದರೆ ಫಾದರ್ ಕೂಡ ಜಗಲಿಯಲ್ಲಿ ಒಂದು ಬೆಂಚು ಹಾಕಿ ಕುಳಿತುಕೊಳ್ಳಿ. ಒಂದೊಂದೇ ಮಗುವನ್ನು ಕರೆದು ಓದಿಸಿ. ಇದಕ್ಕೆ ದೊಡ್ಡ ಪರೀಕ್ಷೆ ಬೇಡ. ಶಿಕ್ಷಣ ಕ್ಷೇತ್ರದ ಸ್ವಯಂಸೇವಾ ಸಂಸ್ಥೆ ‘ಪ್ರಥಮ್’ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಸುವ ‘ಅಸರ್’ ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲೂ ಇದೆ. ಒಂದೇ ಹಾಳೆ. ಅದರಲ್ಲಿ ಅಕ್ಷರಗಳು, ಸಣ್ಣ ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕತೆ ಇರುತ್ತವೆ. ಮೊದಲು ನಾಲ್ಕು ಸಾಲು ಕೊಡಿ. ಸರಾಗವಾಗಿ ಓದಿದರೆ ಕತೆಗೆ ಹೋಗಿ. ತಡವರಿಸಿದರೆ ಪದಗಳಿಗೆ ಇಳಿಯಿರಿ. ಐದು ಪದದಲ್ಲಿ ನಾಲ್ಕು ಸರಿಯಾದರೆ ಆ ಮಗು ಪದದ ಮಟ್ಟದಲ್ಲಿದೆ ಎಂದು ಬರೆದುಕೊಳ್ಳಿ. ಪದವೂ ಬಾರದಿದ್ದರೆ ಅಕ್ಷರ. ಮಗು ಯಾವ ತರಗತಿ ಎಂಬುದು ಇಲ್ಲಿ ಮುಖ್ಯವಲ್ಲ. ಆರನೇ ತರಗತಿಯವರಿಗೂ ಇದೇ ಹಾಳೆ.

ಪಠ್ಯಪುಸ್ತಕ ಕೊಟ್ಟು ಓದಿಸಬೇಡಿ. ಯಾಕೆ ಅಂತ ಹೇಳುತ್ತೇನೆ. ಮೂರನೆಯ ಅಥವಾ ನಾಲ್ಕನೆಯ ತರಗತಿಯ ಚುರುಕಾದ ಮಗುವೊಂದು ತನ್ನ ಪಾಠವನ್ನು ಗಡಗಡ ಓದುತ್ತದೆ. ಕೇಳಲು ಚೆಂದ. ಅದರ ಬೆರಳನ್ನು ನೋಡಿ. ಬೆರಳು ಎರಡನೇ ಸಾಲಿನಲ್ಲಿ ಇರುತ್ತದೆ, ಬಾಯಿ ನಾಲ್ಕನೇ ಸಾಲಿಗೆ ತಲುಪಿರುತ್ತದೆ. ಪಾಠ ಬಾಯಿಪಾಠ ಆಗಿದೆ. ಅದೇ ಅಕ್ಷರಗಳಿಂದ ಬೇರೆ ಎರಡು ವಾಕ್ಯ ಬರೆದು ಕೊಟ್ಟರೆ ಮಗು ನಿಂತುಬಿಡುತ್ತದೆ. ‘ಮರ’, ‘ಮನೆ’, ‘ಹಸು’ ಬರುತ್ತದೆ. ‘ಎಮ್ಮೆ’ ಬಂದಾಗ ‘ಎಮೆ’ ಎನ್ನುತ್ತದೆ. ‘ಸೂರ್ಯ’ ಬಂದಾಗ ನಿಮ್ಮ ಮುಖ ನೋಡುತ್ತದೆ. ಒತ್ತಕ್ಷರ ಮತ್ತು ಅರ್ಕಾವತ್ತಿನ ಹತ್ತಿರ ಎಷ್ಟು ಮಕ್ಕಳು ಹೀಗೆ ನಿಲ್ಲುತ್ತಾರೆ ಎಂದು ಎಣಿಸಿ.

ಹಾಗೆ ನಿಂತರೆ ಗಾಬರಿ ಬೇಡ. ಕನ್ನಡ ಓದುವುದಕ್ಕೆ ನೂರಾರು ಅಕ್ಷರ ರೂಪಗಳು ಗೊತ್ತಿರಬೇಕು. ಇಂಗ್ಲಿಷಿನ 26ರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ನಡೆಸಿದ ಅಧ್ಯಯನಗಳು ಹೇಳುವುದೂ ಅದನ್ನೇ. ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ನಮ್ಮ ಶಾಲೆಗಳಲ್ಲಿ ಆಗುವ ಎಡವಟ್ಟು ಇಲ್ಲಿಯೇ. ಎರಡನೇ ತರಗತಿ ಮುಗಿದ ಮೇಲೆ ಕಾಗುಣಿತ, ಒತ್ತಕ್ಷರ ಯಾರೂ ಕಲಿಸುವುದಿಲ್ಲ. ಅದು ಆಗಿಹೋದ ಪಾಠ ಅಂತ ಲೆಕ್ಕ. ಅಷ್ಟರಲ್ಲಿ ಮಗು ಅರ್ಧ ದಾರಿಯಲ್ಲಿರುತ್ತದೆ.

ಕರಾವಳಿಯಲ್ಲಿ ಇದರ ಮೇಲೆ ಇನ್ನೊಂದು ಕಷ್ಟ. ನಿಮ್ಮ 58 ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರು ಎಷ್ಟು ಮಂದಿ? ತುಳು, ಕೊಂಕಣಿ, ಬ್ಯಾರಿ ಮನೆಯ ಮಕ್ಕಳು ಇರುತ್ತಾರೆ. ತೋಟದ ಕೆಲಸಕ್ಕೋ ಕಟ್ಟಡದ ಕೆಲಸಕ್ಕೋ ಬಂದ ಉತ್ತರ ಕರ್ನಾಟಕದ ಕುಟುಂಬದ ಮಕ್ಕಳೂ ಇರಬಹುದು. ಅವರ ಕನ್ನಡವೇ ಬೇರೆ, ಟೀಚರ ಕನ್ನಡವೇ ಬೇರೆ. ಒಂದನೇ ತರಗತಿಯಲ್ಲಿ ಬೆಕ್ಕಿನ ಚಿತ್ರ ತೋರಿಸಿದರೆ ಒಬ್ಬ ‘ಪುಚ್ಚೆ’ ಎನ್ನುತ್ತಾನೆ, ಇನ್ನೊಬ್ಬಳು ‘ಮಾಜರ್’ ಎನ್ನುತ್ತಾಳೆ. ಇಬ್ಬರೂ ಸರಿ. ‘ತಪ್ಪು, ಬೆಕ್ಕು ಅನ್ನು’ ಎಂದು ಗದರಿದರೆ ಆ ಮಗು ಆಮೇಲೆ ಬಾಯಿ ಬಿಡುವುದಿಲ್ಲ. ಮೊದಲ ಆರು ತಿಂಗಳು ಮಾತು, ಹಾಡು, ಕತೆ ಜಾಸ್ತಿ ಇರಬೇಕು. ಬರೆಯುವುದು ಕಡಿಮೆ ಇರಲಿ. ಟೀಚರಿಗೆ ತುಳು, ಕೊಂಕಣಿ ಬರುತ್ತಿದ್ದರೆ ಅದನ್ನು ತರಗತಿಯಲ್ಲಿ ಬಳಸಲು ನಾಚಿಕೆ ಯಾಕೆ?

ಓದಿನ ಜೊತೆ ಒಂದೇ ಒಂದು ಲೆಕ್ಕವನ್ನೂ ಮಾಡಿಸಿ. 42ರಿಂದ 17 ಕಳೆಯಲು ಹೇಳಿ. 25 ಬಂದರೆ ಸರಿ. 35 ಬರೆದ ಮಕ್ಕಳನ್ನು ಬೇರೆ ಗುರುತಿಸಿ. ಆ ಮಗು ಏನು ಮಾಡಿದೆ ಗೊತ್ತಾ? ಬಿಡಿ ಸ್ಥಾನದಲ್ಲಿ 7ರಿಂದ 2 ಕಳೆದಿದೆ, ಯಾಕೆಂದರೆ ಚಿಕ್ಕದರಿಂದ ದೊಡ್ಡದನ್ನು ಕಳೆಯಲು ಆಗುವುದಿಲ್ಲ ಎಂದು ಅದು ಕಲಿತಿದೆ. ಅದಕ್ಕೆ ಕಳೆಯಲು ಬರುತ್ತದೆ, ಹತ್ತನ್ನು ಬಿಡಿಸುವುದು ಗೊತ್ತಿಲ್ಲ. ಹತ್ತು ಹತ್ತು ಹುಣಸೆ ಬೀಜದ ಪೊಟ್ಟಣ ಕಟ್ಟಿ ಕೊಟ್ಟು, ಒಂದು ಪೊಟ್ಟಣ ಬಿಡಿಸಿ ಕಳೆಯಲು ಹೇಳಿದರೆ ಒಂದೆರಡು ವಾರದಲ್ಲಿ ಸರಿಹೋಗುವ ವಿಷಯ. ಆದರೆ ಯಾರೂ ನೋಡದೇ ಹೋದರೆ ಅದೇ ಮಗು ಏಳನೇ ತರಗತಿಯಲ್ಲೂ 35 ಎಂದೇ ಬರೆಯುತ್ತದೆ.

ಎಲ್ಲ ಮುಗಿದ ಮೇಲೆ ನಿಮ್ಮ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. 58 ಹೆಸರು, ಎದುರಿಗೆ ಓದಿನ ಮಟ್ಟ, ಲೆಕ್ಕದ ಮಟ್ಟ. ಪಟ್ಟಿ ನೋಡಿ ಬೇಸರ ಆಗಬಹುದು. ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಎರಡನೇ ತರಗತಿಯ ಪಾಠ ಓದಲಾರರು ಎಂದು ಅಸರ್ ವರದಿಗಳು ವರ್ಷಗಳಿಂದ ಹೇಳುತ್ತಿವೆ. ನಿಮ್ಮ ಶಾಲೆ ಅದಕ್ಕಿಂತ ಮೇಲಿದ್ದರೆ ಊರಿಗೆ ಹೇಳಿಕೊಳ್ಳಲು ನಿಮ್ಮ ಹತ್ತಿರ ಒಂದು ವಿಷಯ ಸಿಕ್ಕಿತು. ಕೆಳಗಿದ್ದರೆ ಕೆಲಸ ಎಲ್ಲಿದೆ ಎಂದು ಗೊತ್ತಾಯಿತು. ಒಂದು ಎಚ್ಚರಿಕೆ: ಈ ಪಟ್ಟಿಯನ್ನು ಹಿಡಿದು ಟೀಚರನ್ನು ಸಭೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಎಲ್ಲ ಮಕ್ಕಳೂ ‘ಕತೆ ಓದುತ್ತಾರೆ’. ಪಟ್ಟಿಯಲ್ಲಿ ಮಾತ್ರ.

ಪಕ್ಕದ ಯಾರಾದರೂ ‘ನಿಮಿಷಕ್ಕೆ ಎಷ್ಟು ಪದ’ ಎಂಬ ಲೆಕ್ಕ ಹೇಳಿಯಾರು. 2021ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ ಓದು-ಲೆಕ್ಕದ ಯೋಜನೆ ‘ನಿಪುಣ್ ಭಾರತ್’ನಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂಬ ಗುರಿ ಇದೆ. ಕನ್ನಡದಲ್ಲಿ ‘ಅಜ್ಜಿಮನೆಯಲ್ಲಿದ್ದವರಿಗೂ’ ಎಂಬುದೂ ಒಂದೇ ಪದ. ಹಾಗಾಗಿ ಗಡಿಯಾರ ಹಿಡಿದು ಕೂರಬೇಡಿ. ಓದಿದ ಮೇಲೆ ಕತೆಯಲ್ಲಿ ಏನಾಯಿತು ಎಂದು ಕೇಳಿ. ಮಗು ಹೇಳಿದರೆ ಆಯಿತು, ತುಳುವಿನಲ್ಲಿ ಹೇಳಿದರೂ ಆಯಿತು.

ಇನ್ನು ಕಲಿಸುವ ವಿಚಾರ. ಏಳು ತರಗತಿ, ಐದು ಟೀಚರು. ‘ತರಗತಿಗೊಬ್ಬ ಟೀಚರ್ ಇಲ್ಲ, ಅದಕ್ಕೇ ಗುಣಮಟ್ಟ ಇಲ್ಲ’ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಹೇಳಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪಟ್ಟಿ ನೋಡಿ. ಒಂದರಿಂದ ಐದರವರೆಗೆ 60 ಮಕ್ಕಳವರೆಗೆ ಇಬ್ಬರು ಟೀಚರು ಎಂದೇ ಅದರಲ್ಲಿದೆ. ಅಂದರೆ ಇಬ್ಬರು ಐದು ತರಗತಿ ನಡೆಸುವುದು ಈ ದೇಶದ ಕಾನೂನೇ ಒಪ್ಪಿಕೊಂಡ ಸ್ಥಿತಿ. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದು ಬಡ ಶಾಲೆಯ ಗತಿಗೇಡು ಎಂದು ಭಾವಿಸಬೇಕಿಲ್ಲ. ಕರ್ನಾಟಕವೇ ಇದಕ್ಕೊಂದು ದಾರಿ ಮಾಡಿತ್ತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ್ದು ‘ನಲಿಕಲಿ’. ಯುನಿಸೆಫ್ ಬೆಂಬಲ ಇತ್ತು. ಆಮೇಲೆ 2009–10ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿತು. ಅದರ ಕಲಿಕಾ ಏಣಿ (ಹಂತ ಹಂತದ ಪಾಠದ ಪಟ್ಟಿ), ಕಾರ್ಡುಗಳು, ಗುಂಪಿನ ತಟ್ಟೆಗಳು ನಿಮ್ಮ ಟೀಚರಿಗೆ ಗೊತ್ತಿರುತ್ತವೆ. ಪ್ರಶ್ನೆ ಏನೆಂದರೆ, ಕಾರ್ಡುಗಳು ಮಕ್ಕಳ ಕೈಯಲ್ಲಿವೆಯಾ, ಕಪಾಟಿನಲ್ಲಿವೆಯಾ? ಬಣ್ಣ ಮಾಸದ ಹೊಸ ಕಾರ್ಡುಗಳು ಕಪಾಟಿನಲ್ಲಿ ಇದ್ದು, ಮಕ್ಕಳು ಬೋರ್ಡು ನೋಡಿ ನಕಲು ಮಾಡುತ್ತಿದ್ದರೆ ಅಲ್ಲಿ ನಲಿಯೂ ಇಲ್ಲ, ಕಲಿಯೂ ಇಲ್ಲ.

ನನ್ನ ಸಲಹೆ ಇಷ್ಟು. ಒಂದರಿಂದ ಮೂರು ಒಂದು ಕೋಣೆ, ಇಬ್ಬರು ಟೀಚರು. ನಿಮ್ಮಲ್ಲಿ ಅತ್ಯಂತ ಚೆನ್ನಾಗಿ ಕಲಿಸುವವರನ್ನು ಅಲ್ಲಿ ಹಾಕಿ. ಅನುಭವಿಗಳನ್ನು ಏಳಕ್ಕೆ, ಹೊಸಬರನ್ನು ಒಂದಕ್ಕೆ ಹಾಕುವ ಪದ್ಧತಿ ಎಲ್ಲ ಕಡೆ ಇದೆ. ಅದು ತಲೆಕೆಳಗು. ನಾಲ್ಕು-ಐದು ಒಟ್ಟಿಗೆ, ಆರು-ಏಳು ಒಟ್ಟಿಗೆ. ದಿನಕ್ಕೆ ಒಂದು ಗಂಟೆ ಮಾತ್ರ ಮೂರರಿಂದ ಏಳರವರೆಗಿನ ಎಲ್ಲರನ್ನೂ ತರಗತಿ ಮರೆತು ಓದಿನ ಮಟ್ಟದ ಮೇಲೆ ಗುಂಪು ಮಾಡಿ. ಅಕ್ಷರದ ಗುಂಪು, ಪದದ ಗುಂಪು, ವಾಕ್ಯದ ಗುಂಪು, ಕತೆಯ ಗುಂಪು. ಹರಿಯಾಣದ ಸರಕಾರಿ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ಹೀಗೆ ದಿನಕ್ಕೊಂದು ಗಂಟೆ ಬೇರೆ ಇಡಿಸಿತ್ತು. ಸರಕಾರಿ ಶಿಕ್ಷಕರೇ ಕಲಿಸಿದರು, ಮಕ್ಕಳ ಓದು ಸುಧಾರಿಸಿತು. ಅದನ್ನು ಅಳೆದವರಲ್ಲಿ 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. ಆರನೇ ತರಗತಿಯ ಹುಡುಗನಿಗೆ ಮೂರನೆಯವರ ಜೊತೆ ಕೂರಲು ಮುಜುಗರ ಆಗುತ್ತದೆ, ನಿಜ. ಅವನಿಗೆ ಬೇರೆ ಮೂಲೆ ಕೊಡಿ, ಬೇರೆ ಪುಸ್ತಕ ಕೊಡಿ. ಕ್ರಿಕೆಟ್ ಸುದ್ದಿಯ ಪೇಪರ್ ತುಂಡು ಕೊಟ್ಟರೂ ನಡೆಯುತ್ತದೆ.

ಪುಸ್ತಕ ಅಂದ ಕೂಡಲೇ ನೆನಪಾಯಿತು. ಕಪಾಟಿಗೆ ಬೀಗ ಹಾಕಿದ ಲೈಬ್ರರಿ ಲೈಬ್ರರಿ ಅಲ್ಲ. ಹಗ್ಗ ಕಟ್ಟಿ ಪುಸ್ತಕ ತೂಗುಹಾಕಿ, ಹರಿದರೆ ಹರಿಯಲಿ. ಬೆಂಗಳೂರಿನ ಪ್ರಥಮ್ ಬುಕ್ಸ್ ನಡೆಸುವ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಕತೆ ಪುಸ್ತಕಗಳು ಉಚಿತ, ಮಟ್ಟದ ಪ್ರಕಾರ ವಿಂಗಡಿಸಿಯೂ ಇವೆ. ಚರ್ಚ್ ಆಫೀಸಿನ ಪ್ರಿಂಟರಿನಲ್ಲೇ ತೆಗೆಯಬಹುದು.

ಈಗ ಚರ್ಚಿನವರು ಏನು ಮಾಡಬಹುದು? ಇದಕ್ಕೆ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಅನುಭವ ಕೇಳಿ. 2005–06ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಹಳ್ಳಿಗಳಲ್ಲಿ ಸಭೆ ಕರೆದು ಶಾಲೆಯ ಸ್ಥಿತಿ ತಿಳಿಸಿದರು, ಶಿಕ್ಷಣ ಸಮಿತಿಗೆ ಇರುವ ಅಧಿಕಾರ ವಿವರಿಸಿದರು. ಏನೂ ಬದಲಾಗಲಿಲ್ಲ. ಇನ್ನು ಕೆಲವು ಕಡೆ ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು ಓದಿನ ಶಿಬಿರ ಮಾಡಿಸಿದರು. ಅಲ್ಲಿಗೆ ಬಂದ ಮಕ್ಕಳು ಚೆನ್ನಾಗಿ ಮುಂದೆ ಬಂದರು. ಆದರೆ ಶಾಲೆಯ ಹೊರಗೆ, ಶಾಲೆಯ ವೇಳೆಯ ಆಚೆ ನಡೆದದ್ದರಿಂದ ನೂರಕ್ಕೆ ಎಂಟು ಮಕ್ಕಳಷ್ಟೇ ಬಂದರು. ಪಾಲನಾ ಮಂಡಳಿಯವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಸಭೆ ಜಾಸ್ತಿ ಮಾಡಬೇಡಿ. ಜನರನ್ನು ಕಳಿಸಿ, ಅದೂ ಶಾಲೆಯ ವೇಳೆಯಲ್ಲೇ ಕಳಿಸಿ.

ನಿಮ್ಮ ಚರ್ಚಿನಲ್ಲಿ ಅಂಥ ಜನ ಇದ್ದಾರೆ. ಮಂಗಳೂರು ಕಡೆಯ ಕೆಥೊಲಿಕರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಓದುವವರು. ಪ್ರಾರ್ಥನೆಯ ಪುಸ್ತಕ ಹಿಡಿದು ದಿನವೂ ಓದುವ ಹೆಂಗಸರು ಪ್ರತಿ ವಾಳೆಯಲ್ಲೂ (ಚರ್ಚಿನ ವಾರ್ಡು) ಸಿಗುತ್ತಾರೆ. ನಿವೃತ್ತ ಟೀಚರೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ವಾಳೆಯ ಮುಖ್ಯಸ್ಥರಾದ ಗುರ್ಕಾರರ ಮೂಲಕ ಎಂಟು ಹತ್ತು ಮಂದಿಯನ್ನು ಹುಡುಕಿ. ಅವರು ಪಾಠ ಮಾಡಬೇಕಿಲ್ಲ. ಎರಡು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು ಕೇಳಿದರೆ ಸಾಕು. ನಿಂತಲ್ಲಿ ಹೇಳಿಕೊಟ್ಟರೆ ಸಾಕು. ಕ್ರೈಸ್ತರೇ ಆಗಬೇಕು ಅಂತಲೂ ಇಲ್ಲ, ಶಾಲೆಯ ಹಳೆ ವಿದ್ಯಾರ್ಥಿಗಳಾದ ಯಾರೂ ಆದೀತು. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಹೊರಗಿನಿಂದ ಬಂದ ಯಾರೂ, ಫಾದರ್ ಆಗಲಿ ಸಿಸ್ಟರ್ ಆಗಲಿ ಸಮಿತಿಯವರಾಗಲಿ, ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರಬಾರದು. ಜಗಲಿ ಇದೆಯಲ್ಲ, ಅಲ್ಲೇ ಕೂರಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯಿದೆ ಏನು ಹೇಳುತ್ತದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿ.

ಇನ್ನೊಂದು ದೊಡ್ಡ ಸಹಾಯ ಇದೆ, ಯಾರಿಗೂ ಹೊಳೆಯುವುದಿಲ್ಲ. ನಿಮ್ಮ ಹೆಡ್ ಟೀಚರ್ ಒಂದು ದಿನದಲ್ಲಿ ಏನೇನು ಮಾಡುತ್ತಾರೆ ಎಂದು ನೋಡಿ. ಬೆಳಗ್ಗೆ ಹಾಲಿನ ಪುಡಿ, ಆಮೇಲೆ ಅಕ್ಷರ ದಾಸೋಹದ ಅಕ್ಕಿ-ಬೇಳೆಯ ಲೆಕ್ಕ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು. ಇಲಾಖೆಯ ಸ್ಯಾಟ್ಸ್ ತಾಣದಲ್ಲಿ ಹಾಜರಾತಿ, ಯು-ಡೈಸ್ ಎಂಬ ಶಾಲಾ ಅಂಕಿಅಂಶದ ಮಾಹಿತಿ, ಆಧಾರ್ ಹೊಂದಾಣಿಕೆ, ವಿದ್ಯಾರ್ಥಿವೇತನದ ಅರ್ಜಿ. ವಾಟ್ಸಾಪಿನಲ್ಲಿ ‘ಇಂದೇ ಕಳಿಸಿ’ ಎಂಬ ಸಂದೇಶ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೀಟಿಂಗು. ಇಬ್ಬರೇ ಇರುವ ಕಡೆ ಒಬ್ಬರು ಹೀಗೆ ಹೋದರೆ ಅರ್ಧ ಶಾಲೆಯೇ ಎದ್ದು ಹೋದ ಹಾಗೆ. ಚರ್ಚಿನಲ್ಲಿ ಕಂಪ್ಯೂಟರ್ ಬಲ್ಲ ಒಬ್ಬರು ವಾರಕ್ಕೆ ಎರಡು ಮಧ್ಯಾಹ್ನ ಬಂದು ದಾಖಲೆ ತುಂಬಿಸಿ ಕೊಡಲಿ. ಹೆಡ್ ಟೀಚರ್ ನೋಡಿ ಒಪ್ಪಿದರೆ ಆಯಿತು. ಸ್ಮಾರ್ಟ್ ಬೋರ್ಡ್ ಕೊಡುವುದಕ್ಕಿಂತ ಇದು ಜಾಸ್ತಿ ಉಪಕಾರ.

ವೇಳೆಯ ವಿಷಯಕ್ಕೇ ಬಂದದ್ದರಿಂದ ಹೇಳುತ್ತೇನೆ. ಕಾಯಿದೆಯ ಪ್ರಕಾರ ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ದಿನಕ್ಕೆ ನಾಲ್ಕೇ ಗಂಟೆ ಆಯಿತು. ಅಷ್ಟೂ ಆಗುತ್ತಿದೆಯಾ? ಜೂನ್-ಜುಲೈಯ ಮಳೆ ರಜೆ ನಮ್ಮ ಕೈಯಲ್ಲಿಲ್ಲ. ಪ್ರತಿಭಾ ಕಾರಂಜಿ, ಕ್ರೀಡಾಕೂಟ ಇರಲಿ. ಆದರೆ ಶಾಲಾ ವಾರ್ಷಿಕೋತ್ಸವಕ್ಕೆ ವಾರಗಟ್ಟಲೆ ಡ್ಯಾನ್ಸ್ ಪ್ರಾಕ್ಟೀಸ್ ಮಾಡಿಸುವುದು, ಚರ್ಚಿನ ಹಬ್ಬಕ್ಕೆ ಅಂಗಳ ಗುಡಿಸಲು ತರಗತಿಯಿಂದ ಮಕ್ಕಳನ್ನು ಕರೆಯುವುದು ನಿಮ್ಮ ಕೈಯಲ್ಲಿದೆ. ಹಬ್ಬ ಯಾರದ್ದೇ ಇರಲಿ, ಪಾಠದ ವೇಳೆಗೆ ಕೈ ಹಾಕಬಾರದು ಎಂದು ಫಾದರೇ ಹೇಳಿದರೆ ಟೀಚರಿಗೆ ಧೈರ್ಯ ಬರುತ್ತದೆ.

ಹಣದ ವಿಚಾರದಲ್ಲಿ ನಾನು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ನಿಮ್ಮ ಗೌರವ ಶಿಕ್ಷಕಿಯರಿಗೆ ಎಷ್ಟು ಕೊಡುತ್ತೀರಿ ಎಂದು ನೀವು ಬರೆದಿಲ್ಲ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 26 ದಿನಕ್ಕೆ 9,620 ಆಗುತ್ತದೆ. ನಿಮ್ಮ ಟೀಚರ ಸಂಬಳ ಇದನ್ನು ದಾಟುತ್ತದೆಯಾ? ಏಪ್ರಿಲ್-ಮೇ ತಿಂಗಳಲ್ಲೂ ಕೊಡುತ್ತೀರಾ? ಇಲ್ಲವಾದರೆ ಗುಣಮಟ್ಟದ ಚರ್ಚೆ ಸುಮ್ನೆ. ಡಿ.ಎಡ್. ಮಾಡಿದ ಹುಡುಗಿ ಒಂದು ವರ್ಷ ಇರುತ್ತಾಳೆ, ನಲಿಕಲಿ ಕಲಿಯುತ್ತಾಳೆ, ಮಕ್ಕಳು ಹೊಂದಿಕೊಳ್ಳುತ್ತಾರೆ. ಅಷ್ಟರಲ್ಲಿ ಪೇಟೆಯ ಶಾಲೆಯಲ್ಲಿ ಎರಡು ಸಾವಿರ ಜಾಸ್ತಿ ಸಿಕ್ಕಿ ಹೋಗುತ್ತಾಳೆ. ನೀವು ಮತ್ತೆ ಮೊದಲಿನಿಂದ. ಮುಂಬಯಿ, ಕೊಲ್ಲಿಯಲ್ಲಿರುವ ಹಳೆ ವಿದ್ಯಾರ್ಥಿಗಳು ಹಣ ಕೊಡುವವರೇ. ಆದರೆ ಅವರಿಗೆ ದ್ವಾರ ಬೇಕು, ವೇದಿಕೆ ಬೇಕು, ಅದರ ಮೇಲೆ ತಂದೆತಾಯಿಯ ಹೆಸರು ಬೇಕು. ಹೆಸರು ಹಾಕಿ, ತಪ್ಪಿಲ್ಲ. ಒಂದು ಠೇವಣಿ ಇಟ್ಟು ಅದರ ಬಡ್ಡಿಯಿಂದ ಟೀಚರ ಸಂಬಳ ಹೆಚ್ಚಿಸುವ ನಿಧಿಗೆ ಅದೇ ಹೆಸರು ಇಡಿ. ಹೆಸರಿನ ಫಲಕವನ್ನು ಜಗಲಿಯ ಗೋಡೆಗೇ ಹಾಕಿ.

ಹೆಡ್ ಟೀಚರ್ ನಿವೃತ್ತಿಯನ್ನು ಈಗಲೇ ತಲೆಗೆ ಹಚ್ಚಿಕೊಳ್ಳಿ. ಅನುದಾನಿತ ಶಾಲೆಯಲ್ಲಿ ಹುದ್ದೆ ಖಾಲಿಯಾದರೆ ತಾನಾಗಿ ತುಂಬುವುದಿಲ್ಲ. ಆಡಳಿತ ಮಂಡಳಿ ಪ್ರಸ್ತಾವನೆ ಕಳಿಸಬೇಕು, ಇಲಾಖೆ ಒಪ್ಪಬೇಕು, ವರ್ಷಗಳೇ ಹಿಡಿಯಬಹುದು. ಮಕ್ಕಳ ಸಂಖ್ಯೆ ಇನ್ನೂ ಇಳಿದರೆ ಇರುವವರನ್ನೇ ‘ಹೆಚ್ಚುವರಿ’ ಎಂದು ಬೇರೆ ಶಾಲೆಗೆ ನಿಯೋಜಿಸುವುದೂ ಉಂಟು. ಕಡತ ಸರಿ ಇದೆಯಾ ಎಂದು ಕೆಥೊಲಿಕ್ ಶಿಕ್ಷಣ ಮಂಡಳಿಯವರ ಹತ್ತಿರ ಈ ವರ್ಷವೇ ವಿಚಾರಿಸಿ. ಹೊಸ ಗೌರವ ಶಿಕ್ಷಕಿಯನ್ನು ತೆಗೆದುಕೊಳ್ಳುವಾಗ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾದವರನ್ನೇ ಹುಡುಕಿ. ‘ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ಶಿಕ್ಷಣ ಹಕ್ಕು ಕಾಯಿದೆ ನಮಗೆ ಅನ್ವಯಿಸುವುದಿಲ್ಲ’ ಎಂದು ಯಾರಾದರೂ ಹೇಳಬಹುದು. 2014ರ ಮೇ 6ರಂದು ಸುಪ್ರೀಂ ಕೋರ್ಟು ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಹಾಗೆ ಹೇಳಿದ್ದು ನಿಜ. ಆದರೆ 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆಯೇ ಸಂಶಯ ಎತ್ತಿ, ದೊಡ್ಡ ಪೀಠ ನೋಡಬೇಕು ಎಂದಿದೆ. ಕಾನೂನು ಏನೇ ಆಗಲಿ, ಕಾಯಿದೆಯಿಂದ ತಪ್ಪಿಸಿಕೊಂಡದ್ದನ್ನು ಹೆಮ್ಮೆಯಾಗಿ ಹೇಳಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಕಟ್ಟಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೂರು ವರ್ಷದ ಹಂಚಿನ ಶಾಲೆ ಎಂದರೆ ಎತ್ತರದ ಮಾಡು, ಉದ್ದ ಜಗಲಿ, ಮಳೆಗಾಲದಲ್ಲೂ ಗಾಳಿ ಬೆಳಕು. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕನ್ನಡ ಶಾಲೆ ಶುರು ಮಾಡಿದ್ದು 1836ರಲ್ಲಿ, ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಈ ಕಡೆಯ ಶಾಲೆಗೂ ಹಂಚಿಗೂ ಅಷ್ಟು ಹಳೆಯ ನಂಟು. ಮಾಡಿನ ಮರದ ರೀಪು, ಪಕ್ಕಾಸು ಗೆದ್ದಲು ಹಿಡಿದಿದ್ದರೆ ಅದನ್ನು ಬದಲಿಸಿ, ಒಡೆದ ಹಂಚು ಹಾಕಿಸಿ. ಹುಡುಗಿಯರ ಟಾಯ್ಲೆಟ್ಟಿಗೆ ನೀರು ಮತ್ತು ಒಳಗಿನ ಚಿಲಕ ಸರಿ ಮಾಡಿಸಿ. ಕಾಂಕ್ರೀಟಿನ ಮೂರು ಮಹಡಿ 58 ಮಕ್ಕಳಿಗೆ ಯಾಕೆ?

ಇಂಗ್ಲಿಷ್ ಮೀಡಿಯಂ. ತಂದೆತಾಯಿಯ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೂಲಿ ಮಾಡುವ ತಾಯಿ ಮಗಳಿಗೆ ಇಂಗ್ಲಿಷ್ ಬರಲಿ ಎನ್ನುವುದು ನ್ಯಾಯವಾದ ಆಸೆ. ಪಾಲನಾ ಮಂಡಳಿಯಲ್ಲಿ ಕುಳಿತವರ ಮಕ್ಕಳು ಮೊಮ್ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ, ಅಲ್ವಾ? ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೇಳಿದ್ದೂ 2014ರ ಅದೇ ಮೇ 6ರಂದು. 2019ರಲ್ಲಿ ಸರಕಾರವೇ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಹಾಗಾಗಿ ಅಡ್ಡಿ ಕಾನೂನಿನದ್ದಲ್ಲ. ಅಡ್ಡಿ ಇರುವುದು ಟೀಚರಲ್ಲಿ. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಸಲೀಸಾಗಿ ಆಡಲು ಬಾರದವರು ಇಂಗ್ಲಿಷಿನಲ್ಲಿ ವಿಜ್ಞಾನ ಕಲಿಸಿದರೆ ಮಗುವಿಗೆ ಎರಡೂ ಬರುವುದಿಲ್ಲ. ಜೊತೆಗೆ ನಿಮ್ಮ ಅನುದಾನದ ಹುದ್ದೆಗಳು ಕನ್ನಡ ಮಾಧ್ಯಮಕ್ಕೆ ಸಿಕ್ಕವು. ಮಾಧ್ಯಮ ಬದಲಿಸಿದರೆ ಅವು ಏನಾಗುತ್ತವೆ ಎಂದು ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಕಚೇರಿಯಿಂದ ಬರಹದಲ್ಲಿ ಪಡೆಯದೆ ಒಂದು ಹೆಜ್ಜೆಯೂ ಇಡಬೇಡಿ.

ನಾನಾದರೆ ಹೀಗೆ ಮಾಡುತ್ತೇನೆ: ಮಾಧ್ಯಮ ಕನ್ನಡವೇ ಇರಲಿ. ಇಂಗ್ಲಿಷ್ ಚೆನ್ನಾಗಿ ಮಾತಾಡುವ ಒಬ್ಬರನ್ನು ಒಳ್ಳೆಯ ಸಂಬಳಕ್ಕೆ ತನ್ನಿ. ಎಲ್ಲ ತರಗತಿಗೂ ದಿನಕ್ಕೊಂದು ಪೀರಿಯಡ್ ಇಂಗ್ಲಿಷ್ ಅವರದೇ. ಮಾತು, ಆಟ, ಹಾಡು, ಕತೆ. ಏಳು ಮುಗಿಸಿದ ಮಗು ಹೈಸ್ಕೂಲಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಹೇಳಿದರೆ ಆ ಸುದ್ದಿ ಊರಿನಲ್ಲಿ ತಾನೇ ಹಬ್ಬುತ್ತದೆ. ಆವರಣದಲ್ಲಿ ಎಲ್‌ಕೆಜಿ, ಯುಕೆಜಿ ಇಲ್ಲದಿದ್ದರೆ ಅನುಮತಿ ಪಡೆದು ಶುರು ಮಾಡುವುದನ್ನೂ ಯೋಚಿಸಿ. ಮಕ್ಕಳು ಕೈತಪ್ಪುವುದು ಅಲ್ಲಿಂದಲೇ. ಮೂರೂವರೆ ವರ್ಷಕ್ಕೆ ಹಳದಿ ಬಸ್ಸು ಹತ್ತಿದ ಮಗು ಆರಕ್ಕೆ ನಿಮ್ಮ ಶಾಲೆಗೆ ವಾಪಸ್ ಬರುವುದು ಅಪರೂಪ.

ಮಕ್ಕಳಲ್ಲಿ ಕ್ರೈಸ್ತರು ಎಷ್ಟು ಎಂದು ನೀವು ಬರೆದಿಲ್ಲ. ಈ ಕಡೆಯ ಅನೇಕ ಚರ್ಚ್ ಶಾಲೆಗಳಲ್ಲಿ ಹಿಂದೂ ಮತ್ತು ಮುಸ್ಲಿಂ ಮಕ್ಕಳೇ ಜಾಸ್ತಿ. ಆ ತಂದೆತಾಯಿಗೆ ನಂಬಿಕೆ ಬರುವುದು ಸಣ್ಣ ಸಣ್ಣ ವಿಷಯಗಳಿಂದ. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ ಇರುವ ವೇಳೆಯಲ್ಲಿ ಉಳಿದವರಿಗೆ ನೀತಿ ಪಾಠ ಎಂದು ವೇಳಾಪಟ್ಟಿಯಲ್ಲಿ ಇರುತ್ತದೆ. ಆ ನೀತಿ ಪಾಠ ನಿಜವಾಗಿ ನಡೆಯುತ್ತಿದೆಯಾ, ಅಥವಾ ಆ ಮಕ್ಕಳು ಸುಮ್ಮನೆ ಕೂತಿರುತ್ತಾರಾ? ಅನುದಾನ ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿಯಲ್ಲೇ ಇದೆ. ಆ ವೇಳೆಯನ್ನು ಓದಿನ ಗುಂಪಿಗೆ ಕೊಟ್ಟರೂ ಒಳ್ಳೆಯದೇ. ಶಾಲಾ ಸಮಿತಿಯಲ್ಲಿ ಈ ಕುಟುಂಬಗಳ ತಾಯಂದಿರು ಇಬ್ಬರಾದರೂ ಇರಲಿ. ಶಿಕ್ಷಕ-ರಕ್ಷಕ ಸಂಘದ ಸಭೆಯನ್ನು ಕೂಲಿ ಬಿಟ್ಟು ಬರುವ ವೇಳೆಗೆ ಇಡಬೇಡಿ. ಸಂಜೆ ಇಡಿ.

ಫಾದರ್ ವಿಚಾರ ಒಂದು ಇದೆ. ಅವರ ಉತ್ಸಾಹ ದೊಡ್ಡ ಆಸ್ತಿ. ಆದರೆ ಕೆಲವು ವರ್ಷಕ್ಕೆ ಅವರಿಗೆ ವರ್ಗವಾಗುತ್ತದೆ. ಮುಂದೆ ಬರುವ ಸಂಚಾಲಕರಿಗೆ ಶಾಲೆಗಿಂತ ಗಂಟೆ ಗೋಪುರ ಮುಖ್ಯ ಆಗಬಹುದು. ಆದ್ದರಿಂದ ದಿನದ ಒಂದು ಗಂಟೆ, ಟೀಚರ ಸಂಬಳದ ನಿಧಿ, ವರ್ಷಕ್ಕೆ ಮೂರು ಸಲದ ಓದಿನ ಪಟ್ಟಿ, ಈ ಮೂರನ್ನೂ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಬಾಯಿಮಾತಿನಲ್ಲಿ ಬಿಡಬೇಡಿ.

ಮುಚ್ಚುವ ಪ್ರಶ್ನೆ ಉಳಿಯಿತು. ಎಲ್ಲ ಹಳೆ ಶಾಲೆಯನ್ನೂ ಉಳಿಸಲೇಬೇಕು ಎಂಬ ಹಟ ನನಗಿಲ್ಲ. ಹದಿನೈದು ಇಪ್ಪತ್ತು ಮಕ್ಕಳಿಗೆ ಇಳಿದು, ಪಕ್ಕದಲ್ಲೇ ಒಳ್ಳೆಯ ಸರಕಾರಿ ಶಾಲೆ ಇದ್ದರೆ ಒಟ್ಟಾಗುವುದು ಮಕ್ಕಳಿಗೇ ಒಳ್ಳೆಯದು. ನಿಮ್ಮ ಸ್ಥಿತಿ ಅದಲ್ಲ. ಮುಚ್ಚಬೇಕು ಎನ್ನುವವರಿಗೆ ಒಂದೇ ಪ್ರಶ್ನೆ ಕೇಳಿ: ಈ 58 ಮಕ್ಕಳು ನಾಳೆ ನಡೆದುಕೊಂಡು ಹೋಗಬಹುದಾದ ಶಾಲೆ ಎಲ್ಲಿದೆ? ಶಿಕ್ಷಣ ಹಕ್ಕು ಕಾಯಿದೆಯ ನಿಯಮಗಳ ಪ್ರಕಾರ ಐದನೇ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ, ಮೇಲಿನವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಅಂಥದ್ದು ಇಲ್ಲದಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು. ಇದ್ದರೆ, ಆ ಶಾಲೆಯ ಹೆಡ್ ಟೀಚರ ಒಪ್ಪಿಗೆ ಪಡೆದು ಅಲ್ಲಿನ ಮಕ್ಕಳಿಗೂ ಅದೇ ಓದಿನ ಹಾಳೆ ಕೊಟ್ಟು ನೋಡಿ. ಎರಡು ಪಟ್ಟಿ ಎದುರಿಗಿಟ್ಟುಕೊಂಡು ಮಾತಾಡಿದರೆ ಪಾಲನಾ ಮಂಡಳಿಯ ಜಗಳ ಅರ್ಧ ಕಡಿಮೆಯಾಗುತ್ತದೆ.

ಪಟ್ಟಿ ಮಾಡುವುದನ್ನು ಜೂನ್ ತಿಂಗಳಿಗೆ ಕಾಯಬೇಡಿ, ಈ ತಿಂಗಳೇ ಮಾಡಿ. ಮಕ್ಕಳ ಹೆಸರು ತೆಗೆದು, ತರಗತಿ ಮತ್ತು ಮಟ್ಟ ಮಾತ್ರ ಬರೆದು ನನಗೆ ಕಳಿಸಿದರೆ ಗುಂಪು ಹೇಗೆ ಮಾಡಬೇಕು, ಯಾವ ಟೀಚರಿಗೆ ಯಾವ ಗುಂಪು ಎಂದು ಮುಂದಿನ ಉತ್ತರದಲ್ಲಿ ಬರೆಯುತ್ತೇನೆ.